ಕಾರವಾರದಲ್ಲಿ ಮೂರು ದಿನ, ಚೀಫ್ ಜೊತೆ

ಮೊದಲ ದಿನ: ಗದಗಿನಿಂದ ಕಡಲಿಗೆ

ಡಿಸೆಂಬರ್ 3ರ ನಸುಕಿನಲ್ಲಿ ಗದಗ ಬಿಟ್ಟೆ. ಹೊರಡುವಾಗ ಮನೆಯಾಕೆ ಒಂದು ಗಂಟು ಕೈಗಿಟ್ಟಳು. ಹತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. "ಅಲ್ಲಿ ಬರೇ ಮೀನಾ ಅಂತಾರ. ನಿಮ್ಮ ಚೀಫ್‌ಗೂ ನಮ್ಮ ರೊಟ್ಟಿ ತಿನ್ನಸ್ರಿ" ಅಂದಳು. ಚೀಫ್ ಅಂದರೆ ನೌಕಾಪಡೆಯಲ್ಲಿ ನಮ್ಮ ಎಂಜಿನ್ ರೂಮಿನ ಹಿರಿಯರು. ಮದುವೆಯಾದಾಗಿನಿಂದ ಆಕೆ ಅವರ ಬಗ್ಗೆ ಕೇಳುತ್ತಲೇ ಬಂದಿದ್ದಾಳೆ, ಮುಖ ಮಾತ್ರ ನೋಡಿಲ್ಲ.

ಊರ ಕೆರೆ ಬಿಟ್ಟರೆ ಬೇರೆ ನೀರು ಕಾಣದ ನಾನು 1983ರಲ್ಲಿ ನೌಕಾಪಡೆ ಸೇರಿದೆ. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಕವಾಯತು, ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ ಎಂಜಿನ್ ವಿದ್ಯೆ. 1987ರಿಂದ ಮೂರು ವರ್ಷ ಒಂದು ಮಿಸೈಲ್ ಬೋಟಿನ ಎಂಜಿನ್ ರೂಮಿನಲ್ಲಿದ್ದೆ. ಆ ಬೋಟು ಈಗಿಲ್ಲ, ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಅದರ ಒಡಹುಟ್ಟಿದ ಚಪಲ್ ಮಾತ್ರ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಒಂದೇ ಅಚ್ಚಿನ ಎಂಟು ಬೋಟುಗಳಲ್ಲಿ ಅದೂ ಒಂದು. ಅಲ್ಲಿಯ ಏಣಿಗೆ ಎಷ್ಟು ಮೆಟ್ಟಿಲೋ ನಮ್ಮದಕ್ಕೂ ಅಷ್ಟೇ. ತಾಯಿ ಇಲ್ಲದವರು ಚಿಕ್ಕಮ್ಮನ ಮನೆಗೆ ಹೋದ ಹಾಗೆ ಅಲ್ಲಿ ಕೂಡೋಣ ಅಂತ ನಿರ್ಧಾರವಾಯಿತು.

ನಮ್ಮನ್ನೆಲ್ಲ ಹುಡುಕಿ ಕೂಡಿಸಿದವನು ಬೋಟಿನ ಕುಕ್, ಶ್ರೀಕಾಕುಳಂ ಕಡೆಯವನು. ರಜೆ ಮುಗಿಸಿ ಬಂದವರು ಊರಿನ ತಿನಿಸನ್ನು ಮೊದಲು ಗ್ಯಾಲಿಗೇ, ಅಂದರೆ ಬೋಟಿನ ಅಡುಗೆಮನೆಗೇ, ಒಯ್ದು ಕೊಡುತ್ತಿದ್ದರು. ಹಾಗಾಗಿ ಅವನ ತಲೆಯಲ್ಲಿ ಪ್ರತಿಯೊಬ್ಬನ ಊರೂ ಅದರ ತಿಂಡಿಯ ಜೊತೆಗೇ ಉಳಿದುಬಿಟ್ಟಿತ್ತು. ಗದಗ ಅಂದರೆ ಶೇಂಗಾ ಹೋಳಿಗೆ, ರೋಹ್ತಕ್ ಅಂದರೆ ರೇವಡಿ, ಮಾಲವಣ ಅಂದರೆ ಖಾಜಾ. ಖಾಜಾದ ನೆನಪು ಹಿಡಿದು ಮಾಲವಣದಲ್ಲಿ ವಿಚಾರಿಸುತ್ತ ಹೋಗಿ ಚೀಫ್ ಮನೆಯ ಫೋನ್ ನಂಬರು ಪತ್ತೆ ಮಾಡಿದ್ದ.

ಹುಬ್ಬಳ್ಳಿಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಸುಮಾರು ಐದು ತಾಸು. ಕಲಘಟಗಿ ದಾಟುವವರೆಗೆ ನಮ್ಮ ಬಯಲುಸೀಮೆಯದೇ ಮುಖ. ಕಿರವತ್ತಿಯಿಂದ ಮುಂದೆ ತೇಗದ ಕಾಡು ಎರಡೂ ಕಡೆ ಒತ್ತಿಕೊಂಡು ಬರುತ್ತದೆ, ಕಿಟಕಿಯ ಗಾಳಿ ತಣ್ಣಗಾಗುತ್ತದೆ. ಯಲ್ಲಾಪುರದಲ್ಲಿ ಹತ್ತು ನಿಮಿಷ ನಿಂತಾಗ ಚಹಾ ಕುಡಿದು, ಚೀಲದ ರೊಟ್ಟಿ ಮುರಿಯದಂತೆ ತೊಡೆಯ ಮೇಲೆ ಇಟ್ಟುಕೊಂಡೆ. ಹೊಟ್ಟೆ ತೊಳಸುವವರು ಯಲ್ಲಾಪುರದಲ್ಲಿ ಹೆಚ್ಚು ತಿನ್ನಬಾರದು, ಮುಂದೆ ಅರಬೈಲ್ ಘಟ್ಟವಿದೆ.

ಘಟ್ಟದ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಬಸ್ಸು ನಿಂತಿತು. ಎದುರಿಗೆ ಏರು ಹತ್ತಲಾರದೆ ಒಂದು ಲಾರಿ ರಸ್ತೆಗೆ ಅಡ್ಡವಾಗಿತ್ತು. ಎಂಜಿನ್ ಚಾಲೂ ಇತ್ತು, ಆದರೆ ಉಸಿರು ಕಟ್ಟಿದವರ ಹಾಗೆ ಕೆಮ್ಮುತ್ತಿತ್ತು. ಇಳಿದು ಹೋದೆ. ಡ್ರೈವರ್ ಹತ್ತಿರ ಉದ್ದನೆಯ ಸ್ಕ್ರೂಡ್ರೈವರ್ ಕೇಳಿ ಪಡೆದು, ಅದರ ತುದಿಯನ್ನು ಒಂದೊಂದೇ ಇಂಜೆಕ್ಟರ್ ಮೇಲಿಟ್ಟು ಹಿಡಿಕೆಗೆ ಕಿವಿ ಹಚ್ಚಿದೆ. ನಾಲ್ಕನೆಯದು ಮಾತಾಡುತ್ತಿರಲಿಲ್ಲ. ನೋಡಿದರೆ ಅದರ ಡೀಸೆಲ್ ಪೈಪಿನ ನಟ್ಟು ಸಡಿಲಾಗಿ ಎಣ್ಣೆ ಜಿನುಗುತ್ತಿತ್ತು. ಬಿಗಿ ಮಾಡಿದ ಮೇಲೆ ಲಾರಿ ಮೊದಲ ಗೇರಿನಲ್ಲಿ ಮೇಲೆದ್ದಿತು. "ಎಲ್ಲಿ ಕಲಿತಿರಿ ಸಾಹೇಬ್ರೆ?" ಅಂತ ಡ್ರೈವರ್ ಕೇಳಿದ. ಕಲಿಸಿದವರನ್ನು ನೋಡಲಿಕ್ಕೇ ಹೊರಟಿದ್ದೇನೆ ಅಂದೆ. ನೌಕಾಪಡೆ ಬಿಟ್ಟ ಮೇಲೆ ಇಪ್ಪತ್ತೇಳು ವರ್ಷದಿಂದ ಊರಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಆ ಸ್ಕ್ರೂಡ್ರೈವರ್ ವಿದ್ಯೆಯೇ ನನ್ನ ಮನೆ ನಡೆಸಿದ್ದು.

ರಾಮನಗುಳಿ, ಸುಂಕಸಾಳ ಕಳೆದು ಅಂಕೋಲಾ ಹತ್ತಿರವಾದಾಗ ಗಾಳಿ ಬದಲಾಯಿತು. ಉಪ್ಪು, ಒಣಮೀನು, ಒದ್ದೆ ತೆಂಗಿನ ನಾರು ಎಲ್ಲ ಕೂಡಿದ ವಾಸನೆ. ಅವರ್ಸಾ, ಅಮದಳ್ಳಿ, ತೋಡೂರು ದಾಟಿ, ನೌಕಾನೆಲೆಯ ಉದ್ದನೆಯ ಗೋಡೆಯ ಪಕ್ಕದಲ್ಲಿ ಸಾಗಿ, ಬಿಣಗಾ ಕಡೆಯ ಸುರಂಗದಿಂದ ಹೊರಬಂದರೆ ಕಾರವಾರ. ಬಸ್‌ಸ್ಟ್ಯಾಂಡಿನಲ್ಲಿ ಕುಕ್ ನಿಂತಿದ್ದ. ತಲೆ ಪೂರ್ತಿ ಬೋಳು, ಹೊಟ್ಟೆ ಇಳಿದಿದೆ, ಆದರೆ ಕೂಗು ಅದೇ: "ಏಮ್ರಾ ಸ್ಟೋಕರ್!" ಎಂಜಿನ್ ರೂಮಿನ ನಾವಿಕನನ್ನು ಹಡಗಿನಲ್ಲಿ ಹಾಗೇ ಕರೆಯುವುದು. ನನ್ನನ್ನು ಸ್ಟೋಕರ್ ಅಂತ ಯಾರಾದರೂ ಕರೆದು ಎಷ್ಟು ಕಾಲವಾಗಿತ್ತು! ಬಸ್ಸಿನವರೆಲ್ಲ ನೋಡುತ್ತಿದ್ದರು. ನಾವಿಬ್ಬರೂ ಅಪ್ಪಿಕೊಂಡು ಅತ್ತೆವು.

ಸಂಜೆ ಚೀಫ್ ಬರುವ ರೈಲಿಗೆ ಇಬ್ಬರೂ ಹೋದೆವು. ರೈಲ್ವೆ ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಿಂದ ದೂರ. ಆಟೋದವನಿಗೆ ಹೋಗಿಬರುವ ಬಾಡಿಗೆ ಮೊದಲೇ ಮಾತಾಡಿಕೊಂಡಿದ್ದು ಒಳ್ಳೆಯದಾಯಿತು, ಕತ್ತಲಾದ ಮೇಲೆ ಅಲ್ಲಿ ಇನ್ನೊಂದು ಗಾಡಿ ಕಾಣಲಿಲ್ಲ.

ಬೋಗಿಯಿಂದ ಮೊದಲು ಮಗಳು ಇಳಿದಳು, ಆಮೇಲೆ ಅವಳ ಕೈ ಹಿಡಿದು ಚೀಫ್. ವಯಸ್ಸು ಎಪ್ಪತ್ತೇಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಹಿಂದೆ ಯಂತ್ರ. ನಾನು ನೆಟ್ಟಗೆ ನಿಂತು "ಜೈ ಹಿಂದ್ ಚೀಫ್" ಅಂದೆ. ಅವರು ಅಪರಿಚಿತರಿಗೆ ಮುಗಿಯುವಂತೆ ಎರಡೂ ಕೈ ಮುಗಿದರು. ಮಗಳು ಕಿವಿಯ ಹತ್ತಿರ ಬಾಗಿ ಮಾಲವಣಿಯಲ್ಲಿ ಕೂಗಿ ಹೇಳಿದಳು. ಯಂತ್ರ ಕುಯ್ಯೆಂದು ಸಿಳ್ಳು ಹಾಕಿತು. ಚೀಫ್ ಹಣೆ ಸುಕ್ಕಾಗಿಸಿ, ಸರಿ ಸರಿ ಅನ್ನುವಂತೆ ತಲೆ ಆಡಿಸಿದರು, ಅಷ್ಟೇ.

"ಬೇಜಾರು ಮಾಡ್ಕೋಬೇಡಿ ಕಾಕಾ" ಅಂದಳು ಮಗಳು. ಶಾಲೆಯಲ್ಲಿ ಪಾಠ ಹೇಳುವಾಕೆ, ಹಿಂದಿ ಚೆನ್ನಾಗಿ ಬರುತ್ತದೆ. "ಮೂರು ವರ್ಷದಿಂದ ಬಾಬಾ ಮಾತಾಡೋದೇ ಬಿಟ್ಟಿದ್ದಾರೆ. ಕೇಳಿಸಲ್ಲ, ಅದಕ್ಕೆ ಸುಮ್ಮನಿರ್ತಾರೆ. ರಾತ್ರಿ ಎದ್ದು ಓಡಾಡ್ತಾರೆ. ನಾನೂ ಎದ್ದು ಕೂತಿರ್ತೀನಿ." ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿದರೆ ಅದು ಒಂದೆರಡು ರಾತ್ರಿಯ ನಿದ್ದೆಗೇಡಲ್ಲ ಅನಿಸಿತು.

ರೋಹ್ತಕ್‌ನ ಸಿಗ್ನಲ್‌ಮನ್ ಗೋವಾದಿಂದ ರಾತ್ರಿ ಬಂದು ಸೇರಿಕೊಂಡ. ಖಾನಾವಳಿಯಲ್ಲಿ ಬಂಗಡೆ ಸಾರು, ತಿಸ್ರೆ ಸುಕ್ಕಾ, ಸೋಲ್ ಕಡಿ. ಕುಕ್ ಪ್ರತಿಯೊಂದನ್ನೂ ನಾಲಿಗೆ ತುದಿಯಲ್ಲಿ ಪರೀಕ್ಷೆ ಮಾಡಿ, ತೆಂಗಿನಕಾಯಿ ಇವತ್ತಿಂದೇ ಅಂತ ತೀರ್ಪು ಕೊಟ್ಟ. ನಾನು ಗಂಟು ಬಿಚ್ಚಿ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಚೀಫ್ ಎಲೆಗಿಟ್ಟೆ. ತಿಂದರು, ಎರಡನೆಯದಕ್ಕೆ ಕೈ ಚಾಚಿದರು. ಮಾತಿಲ್ಲ. ಲಾಡ್ಜಿನಲ್ಲಿ ನಾವು ಮೂವರು ಹನ್ನೊಂದರವರೆಗೆ ಹರಟುತ್ತಿದ್ದಾಗ ಹುಡುಗ ಬಾಗಿಲು ಬಡಿದು, ಪಕ್ಕದವರು ನಿದ್ದೆ ಬರ್ತಿಲ್ಲ ಅಂತಿದ್ದಾರೆ ಅಂದ. ಎಂಜಿನ್ ರೂಮಿನವರು ಯಾವಾಗಲೂ ಜೋರಾಗಿ ಮಾತಾಡುತ್ತಾರೆ. ನನ್ನ ಎಡಗಿವಿಯಲ್ಲಿ 1990ರಿಂದ ಒಂದು ಜೀರುಂಡೆ ಕೂತಿದೆ, ರಾತ್ರಿ ಹಗಲು ಬಿಡುವುದಿಲ್ಲ.

ಎರಡನೆಯ ದಿನ: ಏಂಡಿ ಬಲೆ, ಚಪಲ್

ಡಿಸೆಂಬರ್ 4 ನೌಕಾಪಡೆ ದಿನ. 1971ರ ಆ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಮಿಸೈಲ್ ಬೋಟುಗಳು ಕಿಲ್ಟನ್ ಮತ್ತು ಕಚ್ಛಲ್ ಹಡಗುಗಳ ಜೊತೆ ಕರಾಚಿಯ ಮೇಲೆ ನುಗ್ಗಿದವು. ಪಾಕಿಸ್ತಾನದ ವಿಧ್ವಂಸಕ ನೌಕೆ ಖೈಬರ್, ಕಡಲಿನ ಸಿಡಿಗುಂಡು ತೆಗೆಯುವ ಮೈನ್‌ಸ್ವೀಪರ್ ಹಡಗು ಮುಹಾಫಿಜ್ ಮುಳುಗಿದವು. ನಮ್ಮ ಕಡೆ ಒಂದು ಜೀವವೂ ಹೋಗಲಿಲ್ಲ. ಆ ಬೋಟುಗಳು ಅದೇ ವರ್ಷ ಸೋವಿಯತ್ ಒಕ್ಕೂಟದಿಂದ ಬಂದು ಕೋಲ್ಕತ್ತಾದಲ್ಲಿ ಇಳಿದಿದ್ದವು, ಅಲ್ಲಿಂದ ಮುಂಬೈಗೆ ಎಳೆದು ತಂದಿದ್ದರು. ನಾವು ಸೇರುವ ಹೊತ್ತಿಗೆ ಆ ಕಥೆ ಪಡೆಯ ಮಕ್ಕಳಿಗೆ ಪುರಾಣದಂತಿತ್ತು. ಹೇಳುವವರೆಲ್ಲ ಕ್ಷಿಪಣಿಯಿಂದ ಶುರು ಮಾಡುತ್ತಿದ್ದರು. ಬೋಟನ್ನು ಅಲ್ಲಿಗೆ ಮುಟ್ಟಿಸಿ, ಸುರಕ್ಷಿತವಾಗಿ ವಾಪಸು ತಂದ ಎಂಜಿನ್ ರೂಮಿನವರ ಮಾತು ಬರುತ್ತಿದ್ದದ್ದು ಕಡಿಮೆ. ಈ ನೋವು ನನಗೆ ಮೊದಲಿನಿಂದಲೂ ಇದೆ.

ಬೆಳಗಿನ ಆರೂವರೆಗೆ ಕಡಲತೀರಕ್ಕೆ ಇಳಿದಾಗ ಮರಳು ಇಬ್ಬನಿಯಿಂದ ತಣ್ಣಗಿತ್ತು. ಮೀನುಗಾರರು ಏಂಡಿ ಬಲೆ ಎಳೆಯುತ್ತಿದ್ದರು. ದೋಣಿಯವರು ಕಡಲಲ್ಲಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ದಡದಲ್ಲಿ ಎರಡು ಸಾಲು ನಿಂತು ಎರಡೂ ತುದಿಯ ಹಗ್ಗ ಎಳೆಯುತ್ತಾರೆ. ಒಂದು ಸಾಲಿನಲ್ಲಿ ಜನ ಕಡಿಮೆ ಇದ್ದರು. "ಬನ್ನಿ, ಸ್ವಲ್ಪ ಕೈ ಹಚ್ಚಿ" ಅಂದಳು ಬುಟ್ಟಿ ಹಿಡಿದು ಕಾಯುತ್ತಿದ್ದ ಅಜ್ಜಿ. ನಾವು ಪ್ಯಾಂಟು ಮಡಚಿದೆವು. ತಿರುಗಿ ನೋಡಿದರೆ ಚೀಫ್ ಆಗಲೇ ಹಗ್ಗ ಹಿಡಿದು, ಹಿಮ್ಮಡಿ ಮರಳಿನಲ್ಲಿ ಊರಿ ನಿಂತಿದ್ದರು. ತೋಳಿನ ಬಲದಿಂದಲ್ಲ, ಮೈಭಾರ ಹಿಂದಕ್ಕೆ ಚೆಲ್ಲಿ ಎಳೆಯುತ್ತಿದ್ದರು. ಮುಂದಿದ್ದ ಹುಡುಗ ತಿರುಗಿ ನೋಡಿ ತಾನೂ ಹಾಗೇ ಮಾಡಿದ.

ಬಲೆ ದಡಕ್ಕೆ ಬರುವ ಹೊತ್ತಿಗೆ ಮೊಣಕಾಲಿನವರೆಗೆ ನೀರು. ಒಂದು ದೊಡ್ಡ ತೆರೆ ಬಂದು ಹಗ್ಗ ಜಗ್ಗಿತು. ಚೀಫ್ ಕಾಲು ಜಾರಿ ಕೂತುಬಿಟ್ಟರು, ತೆರೆ ತಲೆಯ ಮೇಲಿಂದ ಹೋಯಿತು. ನಾವು ಎತ್ತಿದಾಗ ಪೆಟ್ಟೇನೂ ಆಗಿರಲಿಲ್ಲ, ಆದರೆ ಕಿವಿಯ ಯಂತ್ರ ಇರಲಿಲ್ಲ. ಮೀನುಗಾರರು ಬಲೆ ಬಿಟ್ಟು ಹುಡುಕಿದರು, ಮಕ್ಕಳು ಮರಳು ಜಾಲಿಸಿದರು. ಬಲೆಯಲ್ಲಿ ತಾರ್ಲೆ, ಚಿಕ್ಕ ಬಂಗಡೆ, ಲೋಳೆ ಮೀನು ಸಿಕ್ಕವು. ಯಂತ್ರ ಸಿಗಲಿಲ್ಲ. ಮಗಳು ತೀರದಲ್ಲೇ ಕೂತು ಮುಖ ಮುಚ್ಚಿಕೊಂಡಳು. ಅದನ್ನು ಅವಳು ಸ್ವಂತ ದುಡ್ಡಿನಲ್ಲಿ ಕೊಡಿಸಿದ್ದಳು. ಮಾಜಿ ಸೈನಿಕರಿಗೆ ಅವರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಮೂಲಕ ಶ್ರವಣ ಯಂತ್ರ ಸಿಗುತ್ತದೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಸಿಗ್ನಲ್‌ಮನ್ ಅಲ್ಲೇ ನಿಂತು ಯಾವ ಕಾಗದ ಬೇಕು, ಯಾವ ಪಾಲಿಕ್ಲಿನಿಕ್ಕಿಗೆ ಹೋಗಬೇಕು ಅಂತ ಅವಳ ಫೋನಿನಲ್ಲಿ ಬರೆಸಿದ. ಅಜ್ಜಿ ಒಂದು ಬೊಗಸೆ ತಾರ್ಲೆ ಚೀಲಕ್ಕೆ ಹಾಕಿ, ದುಡ್ಡು ಕೊಟ್ಟರೆ ಮುಟ್ಟಲಿಲ್ಲ.

ಚಪಲ್ ನೋಡಲು ಮಧ್ಯಾಹ್ನ ಇಳಿದ ಮೇಲೆ ಹೋದೆವು. ಬಿಸಿಲೇರಿದಾಗ ಉಕ್ಕಿನ ಡೆಕ್ಕಿನ ಮೇಲೆ ನಿಲ್ಲುವುದು ಕಷ್ಟ. ಪಕ್ಕದಲ್ಲೇ ದೊಡ್ಡ ಟುಪೊಲೆವ್ 142 ವಿಮಾನವನ್ನೂ ಈಗ ತಂದು ನಿಲ್ಲಿಸಿದ್ದಾರೆ, ಮಕ್ಕಳ ಓಟವೆಲ್ಲ ಅದರ ಕಡೆಗೇ. ನಮ್ಮ ಕಣ್ಣು ಬೋಟಿನ ಮೇಲಿತ್ತು. ಉದ್ದ 38.6 ಮೀಟರ್, ತೂಕ 245 ಟನ್. ಎರಡೂ ಬದಿ ಎರಡೆರಡರಂತೆ ನಾಲ್ಕು ಕ್ಷಿಪಣಿ ಗೂಡು, ಹಿಂದೆ ಮುಂದೆ 30 ಮಿ.ಮೀ. ತೋಪು. ಇಷ್ಟರೊಳಗೆ ಸುಮಾರು ಮೂವತ್ತು ಮಂದಿ ಉಂಡು ಮಲಗಿ ಬಾಳುತ್ತಿದ್ದೆವು. ನನ್ನ ಬಂಕಿನಲ್ಲಿ ಮಗ್ಗಲು ಬದಲಿಸಿದರೆ ಭುಜ ಮೇಲಿನ ಬಂಕಿಗೆ ತಾಗುತ್ತಿತ್ತು. ನಾನು ವಾಚಿಗೆ, ಅಂದರೆ ಕೆಲಸದ ಸರದಿಗೆ, ಎದ್ದು ಹೋದರೆ ವಾಚ್ ಮುಗಿಸಿ ಬಂದವನು ಅದೇ ಬಿಸಿ ಹಾಸಿಗೆಯಲ್ಲಿ ಬೀಳುತ್ತಿದ್ದ.

ನಮ್ಮ ಮುಂದಿದ್ದ ಒಬ್ಬರು ಮಗನಿಗೆ, ಇದೇ ಬೋಟು 71ರಲ್ಲಿ ಕರಾಚಿಗೆ ಹೋಗಿತ್ತು ಅಂತ ಹೇಳುತ್ತಿದ್ದರು. ಮೆಲ್ಲಗೆ ತಿದ್ದಿದೆ. ಚಪಲ್ ಪಡೆಗೆ ಸೇರಿದ್ದು 1976ರ ನವೆಂಬರಿನಲ್ಲಿ, ಬಿಡುಗಡೆಯಾದದ್ದು 2005ರ ಮೇ ತಿಂಗಳಲ್ಲಿ. ಕರಾಚಿಗೆ ಹೋದವು ಇದರ ಅಕ್ಕಂದಿರು. ಯುದ್ಧ ಕಾಣದ ಬೋಟಿಗೂ ಅದರದೇ ಗೌರವ ಇದೆ. ಇಪ್ಪತ್ತೆಂಟು ವರ್ಷ ಯಾವ ರಾತ್ರಿ ಕರೆದರೂ ಹೊರಡಲು ಸಿದ್ಧವಾಗಿರುವುದು ಸಣ್ಣ ಕೆಲಸವೇ? ಹುಡುಗ, "ಚಪಲ ಅಂದ್ರೆ ತಿನ್ನೋ ಚಪಲಾನಾ?" ಅಂತ ಕೇಳಿದ. ಸಂಸ್ಕೃತದಲ್ಲಿ ಚುರುಕು ಅಂತ ಅರ್ಥ ಅಂದೆ. ನಮ್ಮ ಬೋಟುಗಳು 35 ನಾಟ್ ದಾಟಿ ಓಡುತ್ತಿದ್ದವು, ಗಂಟೆಗೆ 65 ಕಿಲೋಮೀಟರ್ ಅಂತಿಟ್ಟುಕೊಳ್ಳಿ, ಅದೂ ನೀರಿನ ಮೇಲೆ.

ಒಳಗೆ ಇಳಿಯುವ ವಯಸ್ಸಾದವರಿಗೆ ಒಂದು ಮಾತು: ಹಡಗಿನ ಏಣಿಯನ್ನು ಮನೆಯ ಮೆಟ್ಟಿಲಿನ ಹಾಗೆ ಮುಂದೆ ನೋಡುತ್ತ ಇಳಿಯಬಾರದು. ಏಣಿಗೆ ಎದುರಾಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಿಂದಕ್ಕೆ ಇಳಿಯಬೇಕು. ಚೀಫ್ ಹಾಗೇ ಇಳಿದರು, ಮಗಳ ಕೈ ಬೇಡ ಅಂದು. ಕುಕ್ ಒಂದು ಇಕ್ಕಟ್ಟಿನ ಮೂಲೆಯಲ್ಲಿ ನಿಂತು, ಇಷ್ಟೇ ಜಾಗದಲ್ಲಿ ಮೂವತ್ತು ಜನರ ಚಪಾತಿ ಅಂತ ಕೈ ಅಗಲಿಸಿ ತೋರಿಸಿದ, ಎರಡೂ ಮೊಣಕೈ ಗೋಡೆಗೆ ತಾಗಿದವು. ಎಲ್ಲ ಕಡೆ ಬಣ್ಣ ಹೊಸದು. ಡೀಸೆಲ್ ವಾಸನೆ ಇಲ್ಲ, ಬೆವರಿನ ವಾಸನೆ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸದ್ದಿಲ್ಲ. ಆ ಮೌನ ನನಗೆ ಸಹಿಸಲಾಗಲಿಲ್ಲ.

ಓದುವವರಿಗೆ ಆ ಸದ್ದು ಹೇಗೆ ತಿಳಿಸಲಿ? ಮೂರು ಎಂಜಿನ್, ಒಂದೊಂದಕ್ಕೂ 56 ಸಿಲಿಂಡರ್. ನಮ್ಮ ಸೂರ್ಯಕಾಂತಿ ಹೂವಿನ ದಳದ ಹಾಗೆ ನಡುವಿನ ದಂಡದ ಸುತ್ತ ಏಳು ಸಿಲಿಂಡರ್, ಅಂಥ ಎಂಟು ಸುತ್ತು. ಒಂದೊಂದು ಎಂಜಿನ್ನಿಗೆ 5,000 ಅಶ್ವಶಕ್ತಿ. 168 ಸಿಲಿಂಡರುಗಳು ಒಟ್ಟಿಗೆ ಸಿಡಿಯುವಾಗ ಸದ್ದು ಕಿವಿಗೆ ಕೇಳುವುದಿಲ್ಲ, ಹಲ್ಲಿನಲ್ಲಿ, ಎದೆಗೂಡಿನಲ್ಲಿ ಕೂತುಬಿಡುತ್ತದೆ. ಕಿವಿಗೆ ಹಾಕುವ ಮಫ್ ಇದ್ದವು. ಆದರೆ ಎಂಜಿನ್ನಿನ ರೋಗ ತಿಳಿಯಬೇಕಾದರೆ ಮಫ್ ತೆಗೆದು ಸ್ಕ್ರೂಡ್ರೈವರಿಗೆ ಕಿವಿ ಕೊಡಬೇಕು. ಆ ಕೆಲಸ ಚೀಫ್ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ನಮ್ಮ ಕಿವಿ ಉಳಿದದ್ದಕ್ಕೆ ಅವರ ಕಿವಿ ಹೋಯಿತು ಅಂತಲೇ ನಾನು ನಂಬಿದ್ದೇನೆ.

ಅಲ್ಲಿ ಬಾಯಿಮಾತು ನಡೆಯುತ್ತಿರಲಿಲ್ಲವಾದ್ದರಿಂದ ನಮಗೊಂದು ಕೈಭಾಷೆ ಇತ್ತು. ಯಾವ ಪುಸ್ತಕದಲ್ಲೂ ಇಲ್ಲ, ಚೀಫ್ ಮತ್ತು ನಾವು ನಾಲ್ಕು ಹುಡುಗರು ಕೂಡಿ ಕಟ್ಟಿಕೊಂಡದ್ದು. ಬೆರಳೆತ್ತಿದರೆ ಎಂಜಿನ್ನಿನ ನಂಬರು. ಹಣೆಯ ಮೇಲೆ ಅಂಗೈ ಇಟ್ಟರೆ ಶಾಖ. ಅಂಗೈಗೆ ಮುಷ್ಟಿ ಒತ್ತಿದರೆ ಎಣ್ಣೆಯ ಒತ್ತಡ. ಕಿವಿಯ ಹತ್ತಿರ ಬೆರಳು ತಿರುಗಿಸಿದರೆ, ಸದ್ದು ಸರಿಯಿಲ್ಲ. ಎರಡು ಬೆರಳನ್ನು ಮಗ್ಗಿನ ಹಿಡಿಯಂತೆ ಕೊಕ್ಕೆ ಮಾಡಿ ಎತ್ತಿದರೆ ಚಹಾ. ಕೆನ್ನೆಗೆ ಅಂಗೈ ಇಟ್ಟು, ಆಮೇಲೆ ಹೆಬ್ಬೆರಳಿನಿಂದ ತಮ್ಮ ಎದೆ ಮುಟ್ಟಿಕೊಂಡರೆ, ನೀನು ಹೋಗಿ ಮಲಗು, ನಾನಿದ್ದೇನೆ. ನಡುರಾತ್ರಿಯಿಂದ ನಾಲ್ಕರವರೆಗಿನ ಮಿಡಲ್ ವಾಚಿನಲ್ಲಿ ನನಗೆ ವಾಂತಿಯಾಗಿ ಕಾಲು ನಿಲ್ಲದಿದ್ದಾಗ ಆ ಸನ್ನೆ ಎಷ್ಟು ಸಲ ನೋಡಿದ್ದೇನೋ.

ಡೆಕ್ಕಿನ ಹಿಂಭಾಗಕ್ಕೆ ಬಂದೆವು. ಎಂಜಿನ್ ರೂಮಿಗೆ ಇಳಿಯುವ ಹ್ಯಾಚ್ ಮುಚ್ಚಿತ್ತು. ಕಾವಲಿನವರನ್ನು ಕೇಳಿದೆ, ಅದನ್ನು ತೆಗೆಯುವುದಿಲ್ಲ ಅಂದರು. ನನಗೆ ಗಂಟಲು ಕಟ್ಟಿತು. ಅಷ್ಟು ದೂರದಿಂದ ಬಂದು ನಮ್ಮ ಕೋಣೆ ಒಂದನ್ನೇ ನೋಡದೆ ಹೋಗಬೇಕೇ? ಆಗ ಚೀಫ್ ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕೂತು, ಹ್ಯಾಚ್ ಪಕ್ಕದ ಉಕ್ಕಿನ ಮೇಲೆ ಅಂಗೈ ಊರಿದರು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ನನ್ನನ್ನೇ ನೋಡಿದರು. ಮೂರು ಬೆರಳೆತ್ತಿದರು, ಕಿವಿಯ ಹತ್ತಿರ ಬೆರಳು ತಿರುಗಿಸಿದರು.

ಮೂರನೇ ಎಂಜಿನ್. ಸದ್ದು ಸರಿಯಿಲ್ಲ.

ನನ್ನ ಕೈ ನನ್ನನ್ನು ಕೇಳದೆಯೇ ಎದ್ದಿತು. ಹಣೆಗೆ ಅಂಗೈ ಇಟ್ಟು, ಆಮೇಲೆ ಅದನ್ನು ಗಾಳಿಯಲ್ಲಿ ಮಟ್ಟಸವಾಗಿ ಹಿಡಿದೆ: ಶಾಖ ಸರಿಯಾಗೇ ಇದೆ ಚೀಫ್. ಅವರು ತಲೆ ಅಲ್ಲಾಡಿಸಿ ಮತ್ತೆ ಬೆರಳು ತಿರುಗಿಸಿದರು, ಜೋರಾಗಿ. 1988ರಲ್ಲಿ ಸೌರಾಷ್ಟ್ರದ ಕರಾವಳಿಯ ಆಚೆ ಒಂದು ರಾತ್ರಿ ನಡೆದದ್ದು ಅಕ್ಷರಶಃ ಇದೇ. ಗೇಜುಗಳೆಲ್ಲ ಸರಿ ಅನ್ನುತ್ತಿದ್ದವು, ನಾನೂ ಸರಿ ಅಂದಿದ್ದೆ. ಚೀಫ್ ಒಪ್ಪದೆ ಮೂರನೆಯದನ್ನು ನಿಲ್ಲಿಸಿದರು. ಬಿಚ್ಚಿ ನೋಡಿದಾಗ ಬೇರಿಂಗ್ ಸವೆದು ನೀಲಿ ತಿರುಗಿತ್ತು. ಇನ್ನರ್ಧ ತಾಸು ಓಡಿದ್ದರೆ ಎಂಜಿನ್ ಸೀಳಿ, ಅದರ ಎದುರು ನಿಂತಿದ್ದ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

"ತೀನ್ ನಂಬರ್" ಅಂದರು ಚೀಫ್. ಬಾಯಿಬಿಟ್ಟು, ಗಟ್ಟಿಯಾಗಿ. "ಬೇರಿಂಗ್. ಬೋಲಾ ಥಾ ನಾ, ಸ್ಟೋಕರ್?"

ಮಗಳು ಎರಡೂ ಕೈಯಿಂದ ಡೆಕ್ಕಿನ ಕಂಬಿ ಹಿಡಿದುಕೊಂಡಳು.

ಆಮೇಲೆ ಒಂದು ತಾಸು ನಾವು ಅಲ್ಲೇ ಕೂತೆವು. ಕೈ, ಬೆರಳು, ನಡುನಡುವೆ ಒಂದೊಂದು ಹಿಂದಿ ಶಬ್ದ. ಅವರು ಕೇಳಿದ್ದು ಹೆಚ್ಚಾಗಿ ಎಂಜಿನ್ನಿನ ಬಗ್ಗೆಯೇ. ಬೋಟು ಗುಜರಿಗೆ ಹೋಯಿತು ಅನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಸನ್ನೆ ಇರಲಿಲ್ಲ. ಮೂರೂ ಬೆರಳು ಒಂದೊಂದಾಗಿ ಮಡಚಿದೆ. ಅರ್ಥವಾಯಿತು. ನನ್ನ ಹೆಗಲ ಮೇಲೆ ಕೈ ಇಟ್ಟರು. ಹೊರಡುವ ಮುಂಚೆ ಮಗಳು ನನ್ನ ಪಕ್ಕ ಕೂತು, "ಕಾಕಾ, ಎಲ್ಲಾ ಹೇಳಿಕೊಡಿ. ಮೊದಲನೆಯದರಿಂದ" ಅಂದಳು. ಶಾಲೆಯವಳಲ್ಲವೇ, ಚೀಲದಿಂದ ನೋಟ್‌ಬುಕ್ ತೆಗೆದು ಒಂದೊಂದಕ್ಕೂ ಚಿತ್ರ ಬರೆದುಕೊಂಡಳು.

ರಾತ್ರಿ ಕುಕ್ ಖಾನಾವಳಿಯವರನ್ನು ಒಪ್ಪಿಸಿ, ಅಜ್ಜಿ ಕೊಟ್ಟ ತಾರ್ಲೆಯನ್ನು ತಾನೇ ಹುಣಸೆಹುಳಿ ಹಾಕಿ ಬೇಯಿಸಿದ.

ಮೂರನೆಯ ದಿನ: ಅರಗಾ ಕಡೆ, ಆಮೇಲೆ ರೈಲು

ಬೆಳಿಗ್ಗೆ ಕಾಳಿ ನದಿಯ ಕಡೆ ಹೋಗಿಬಂದೆವು. 2024ರ ಆಗಸ್ಟಿನಲ್ಲಿ ಕುಸಿದ ಹಳೆ ಸೇತುವೆಯ ಜಾಗ ನೋಡಿ ಸಿಗ್ನಲ್‌ಮನ್ ಟೋಪಿ ತೆಗೆದ. ಸದಾಶಿವಗಡ ಹತ್ತುವ ಶಕ್ತಿ ಯಾರಿಗೂ ಇರಲಿಲ್ಲ.

ಅಂಜದೀವ ದ್ವೀಪ ದೂರದಿಂದಾದರೂ ಕಾಣಲಿ ಅಂತ ಆಟೋದಲ್ಲಿ ಬಿಣಗಾ, ಅರಗಾ ಕಡೆ ಹೋದೆವು. ನೆಲೆಯ ಗೋಡೆಯ ಆಸುಪಾಸು ಫೋಟೋ ತೆಗೆಯುವಂತಿಲ್ಲ, ಕ್ಯಾಮೆರಾ ಚೀಲದಲ್ಲೇ ಇರಲಿ. 1961ರ ಡಿಸೆಂಬರ್ 18ರಂದು ಪೋರ್ಚುಗೀಸರಿಂದ ಆ ದ್ವೀಪ ಬಿಡಿಸಲು ತ್ರಿಶೂಲ್ ಮತ್ತು ಮೈಸೂರ್ ಹಡಗುಗಳು ಬಂದಿದ್ದವು. ದಡಕ್ಕೆ ಇಳಿದವರಲ್ಲಿ ಏಳು ನಾವಿಕರು ಸತ್ತರು. ಆ ಮೈಸೂರ್ ಹಡಗಿನ ಲಾಂಛನ ನಮ್ಮ ಗಂಡಭೇರುಂಡ. ತರಬೇತಿಯಲ್ಲಿ ಅದನ್ನು ಕಂಡಾಗಲೆಲ್ಲ ಕನ್ನಡದ ಹುಡುಗರು ಎದೆ ಉಬ್ಬಿಸುತ್ತಿದ್ದೆವು. ಆಟೋದವನು ಬೆರಳು ಮಾಡಿದ ಕಡೆ ಮಂಜಿನಲ್ಲಿ ಒಂದು ಹಸಿರು ಗೆರೆ ಕಂಡಿತು. ಕೈ ಮುಗಿದೆವು.

ಹೆದ್ದಾರಿ ಬದಿಯ ಅಂಗಡಿಯಲ್ಲಿ ಬನ್ಸ್, ಚಹಾ. ಪಕ್ಕದ ಬೆಂಚಿನಲ್ಲಿದ್ದ ನನ್ನ ವಯಸ್ಸಿನವರೊಬ್ಬರು, "ನೇವಿಯವರಾ?" ಅಂತ ಕೇಳಿದರು. ಹೌದು ಅಂದೆ. ಗೋಡೆಯ ಕಡೆ ಗದ್ದ ಎತ್ತಿ, "ನಮ್ಮ ಮನೆ ಅದರೊಳಗಿತ್ತು" ಅಂದರು. ಈ ನೌಕಾನೆಲೆ ಕಟ್ಟಿದ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿದ್ದಾಗ ಅವರು ಕಾಲೇಜು ಹುಡುಗ. ಆಮೇಲೆ ತೋಡೂರಿನ ಪುನರ್ವಸತಿ ಕಾಲೋನಿಗೆ ಬಂದರು. "ದೇಶಕ್ಕೆ ಬೇಕಾಗಿತ್ತು, ಕೊಟ್ಟೆವು. ಆದರೆ ನಮ್ಮಪ್ಪ ದೋಣಿ ಎಳೆದು ನಿಲ್ಲಿಸ್ತಿದ್ದ ಜಾಗ ನನ್ನ ಮೊಮ್ಮಗನಿಗೆ ತೋರ್ಸೋಕಾಗಲ್ಲ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಹದಿನೈದು ವರ್ಷ ಸಂಬಳ ತಿಂದ ಪಡೆ ಅದು, ಅವರ ಅಂಗಳದ ಮೇಲೆ ನಿಂತಿದೆ. ನಾವು ಯಾಕೆ ಬಂದಿದ್ದೇವೆ ಅಂತ ಹೇಳಿದೆ. ಚೀಫ್ ಕಡೆ ನೋಡಿ, "ಒಳ್ಳೇದಾಯ್ತು. ನಮ್ಮ ಕೇರಿಯವರೂ ಸಿಗ್ತಾರೆ, ಮದುವೇಲೋ ತಿಥೀಲೋ. ಸಿಕ್ಕಾಗ ಮೊದಲು ಬಾವಿ ಮಾತೇ ಬರೋದು. ನಮ್ಮ ಬಾವಿ ನೀರು ಅಷ್ಟು ಸಿಹಿ ಇತ್ತು" ಅಂದರು. ಚಹಾದ ದುಡ್ಡು ಕೊಡಲು ನಮ್ಮನ್ನು ಬಿಡಲಿಲ್ಲ.

ಸಂಜೆಯ ರೈಲಿಗೆ ಚೀಫ್ ಮತ್ತು ಮಗಳನ್ನು ಕಳಿಸಲು ಎಲ್ಲರೂ ಶಿರವಾಡಕ್ಕೆ ಹೋದೆವು. ಉಳಿದ ನಾಲ್ಕು ರೊಟ್ಟಿ, ಚಟ್ನಿಯ ಡಬ್ಬಿ ಅವರ ಚೀಲಕ್ಕೆ ಹಾಕಿದೆ. ನಿಲ್ದಾಣದ ಗದ್ದಲದಲ್ಲಿ ಚೀಫ್ ಒಬ್ಬರೇ ನೆಮ್ಮದಿಯಾಗಿದ್ದರು. ಗಾಡಿ ತಡ ಅಂತ ಗೊತ್ತಾದಾಗ ನನಗೆ ಎರಡು ಬೆರಳಿನ ಕೊಕ್ಕೆ ತೋರಿಸಿದರು. ನಾನು ಏಳುವಷ್ಟರಲ್ಲಿ ಮಗಳು ಎದ್ದು ಹೋಗಿ ಐದು ಚಹಾ ತಂದಳು.

ರೈಲು ಬಂತು. ಎರಡು ನಿಮಿಷವಷ್ಟೇ ನಿಲ್ಲುವುದು. ಅವರನ್ನು ಹತ್ತಿಸಿ, ಸಾಮಾನು ಇಟ್ಟು ಇಳಿದು ಕಿಟಕಿಯ ಹತ್ತಿರ ನಿಂತೆವು. ಮಗಳು ಕಂಬಿಗೆ ತಲೆ ಒರಗಿಸಿ ನಮ್ಮ ಕಡೆ ನೋಡುತ್ತಿದ್ದಳು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಚೀಫ್ ಅವಳ ತೋಳು ತಟ್ಟಿದರು. ಕೆನ್ನೆಗೆ ಅಂಗೈ ಇಟ್ಟುಕೊಂಡರು, ಆಮೇಲೆ ಹೆಬ್ಬೆರಳಿನಿಂದ ತಮ್ಮ ಎದೆ ಮುಟ್ಟಿಕೊಂಡರು. ಗಾಡಿ ಹೊರಟಿತು.